ನೀಲಗಿರಿಯೂ ನಮ್ಮ ಜನಾಭಿಪ್ರಾಯವೂ

ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಬರೆಯತಕ್ಕ ಲೇಖನವೆಂದರೆ ಕಟ್ಟಡಗಳ ವಿಷಯ, ಪರೀಕ್ಷಾಫಲದ ವಿಷಯ, ದಾನಿಗಳಿಗೆ ಸಲ್ಲಿಸತಕ್ಕ ವಂದನೆ, ಇವುಗಳನ್ನೊಳಗೊಂಡಿರುವುದು ರೂಢಿಯಾಗಿದೆ. ಅವೆಲ್ಲವೂ ಇದೇ ಸಂಚಿಕೆಯ ವಾರ್ಷಿಕ ವರದಿಯಲ್ಲಿ ಅಚ್ಚಾಗಿರುವ ಕಾರಣ ಇಲ್ಲಿ ಪುನಃ ಹೇಳುವ ಅಗತ್ಯವಿಲ್ಲ. ನಮ್ಮ ಹಳೆಯ ವಿದ್ಯಾರ್ಥಿನಿಯರೊಡನೆಯೂ ಪೋಷಕರೊಡನೆಯೂ ಬೇರೊಂದು ವಿಷಯವನ್ನು ಮಾತನಾಡಬೇಕೆಂದು ನಾವು ಬಹುದಿನಗಳಿಂದ ಯೋಚಿಸುತ್ತಿದ್ದೆವು. ಅದು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಮ್ಮ ನಾಲ್ಕು ತಾಲ್ಲೂಕುಗಳ ಹೊಲಗಳಲ್ಲಿ ಬೆಳೆದು ನಿಂತ ನೀಲಗಿರಿ ಮರದ ವಿಷಯ. ಮತ್ತು ಆ ಮರವನ್ನು ಕುರಿತು ಯಾರ ಅಭಿಪ್ರಾಯವನ್ನು ಯಾರು ಕೇಳಿದರು ಎಂಬ ವಿಷಯ.

ಇದಕ್ಕೆ ಕಾರಣವುಂಟು. ನಮ್ಮ ಚರ್ಚಾಸಂಘದ ಬಾಲಿಕೆಯರು ಹವಾಗುಣದ ಬದಲಾವಣೆಗೆ ಸರಕಾರವು ಹೊಣೆಯೋ ಜನರು ಹೊಣೆಯೋ ಎಂಬ ವಿಷಯವನ್ನೆತ್ತಿಕೊಂಡು ವಾದಿಸಿದರು. ಎರಡು ಪಕ್ಷದವರೂ ಚೆನ್ನಾಗಿಯೇ ಮಾತನಾಡಿದರು. ಧ್ರುವಪ್ರದೇಶದ ಹಿಮ ಕರಗುವುದು, ಕಲ್ಲಿದ್ದಲಿನ ಹೊಗೆ, ವಿದ್ಯುತ್ತಿನಿಂದ ಓಡುವ ಬಸ್ಸುಗಳು, ಎಲ್ಲವೂ ಬಂದವು. ಆದರೆ ಒಬ್ಬಳ ಮಾತಿಗೂ ಇನ್ನೊಬ್ಬಳ ಮಾತಿಗೂ ಹೆಚ್ಚು ಭೇದವಿರಲಿಲ್ಲ. ಇಬ್ಬರೂ ಅದನ್ನು ಒಂದೇ ಕಡೆಯಿಂದ ಓದಿಕೊಂಡು ಬಂದಿದ್ದರೆಂಬುದು ಸ್ಪಷ್ಟವಾಗಿತ್ತು. ಕೊನೆಯಲ್ಲಿ ಉಪಾಧ್ಯಾಯಿನಿಯೊಬ್ಬರು, “ಅದಿರಲಿ, ನಿಮ್ಮ ಊರಿನ ನೀಲಗಿರಿಯನ್ನು ತೆಗೆಯಬೇಕೋ ಬೇಡವೋ?” ಎಂದು ಕೇಳಿದರು. ಆಗ ಕೊಠಡಿಯೆಲ್ಲಾ ಒಮ್ಮೆಗೇ ಮಾತನಾಡತೊಡಗಿತು. ತೆಗೆಯಲೇಬೇಕು, ಆ ಮರ ಬಂದ ಮೇಲೆಯೇ ನಮ್ಮ ಅಜ್ಜಿಯ ಬಾವಿ ಬತ್ತಿತು ಎಂದು ಒಬ್ಬಳು ಹೇಳಿದಳು. ನಮ್ಮ ಅಕ್ಕನ ಮದುವೆ ನಡೆದದ್ದೇ ಆ ಮರದ ದುಡ್ಡಿನಲ್ಲಿ ಎಂದು ಇನ್ನೊಬ್ಬಳು. ನಮ್ಮಲ್ಲಿ ಆಗಲೇ ತೆಗೆದಾಯಿತು, ಈಗ ಅಲ್ಲಿ ಬಡಾವಣೆಯ ಕಲ್ಲು ನೆಟ್ಟಿದ್ದಾರೆ, ತೆಗೆದು ಬಂದ ಭಾಗ್ಯವೇನು ಎಂದು ಮತ್ತೊಬ್ಬಳು. ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಮೊದಲು ಅವರು ಹೇಳಿದ್ದು ಕಂಠಪಾಠ, ಆಮೇಲೆ ಹೇಳಿದ್ದು ಅಭಿಪ್ರಾಯ.

ಈ ಮರವು ನಮ್ಮದಲ್ಲ, ಆಸ್ಟ್ರೇಲಿಯಾ ಖಂಡದ್ದು. ಆದರೂ ನಮಗೂ ಅದಕ್ಕೂ ಇರುವ ನಂಟು ಬಹಳ ಹಳೆಯದು. ೧೭೯೦ರ ಸುಮಾರಿಗೆ ಟಿಪ್ಪು ಸುಲ್ತಾನನು ನಂದಿಬೆಟ್ಟದ ಮೇಲಿನ ತನ್ನ ತೋಟಕ್ಕೆ ಅದನ್ನು ತರಿಸಿದನೆಂದು ಅರಣ್ಯಶಾಸ್ತ್ರದ ಗ್ರಂಥಗಳು ಹೇಳುತ್ತವೆ. ತಮಿಳುನಾಡಿನ ನೀಲಗಿರಿ ಬೆಟ್ಟಗಳಲ್ಲಿ ಸೌದೆಗಾಗಿ ಅದನ್ನು ನೆಟ್ಟದ್ದು ೧೮೪೩ರಲ್ಲಿ, ಎಂದರೆ ಅರ್ಧ ಶತಮಾನ ತಡವಾಗಿ; ಆದರೂ ಹೆಸರು ಆ ಬೆಟ್ಟಕ್ಕೇ ಸಂದಿತು. ನಂದಿಯ ಮರಗಳ ಬೀಜದಿಂದ ಹುಟ್ಟಿದ ತಳಿಯು ಅರಣ್ಯಾಧಿಕಾರಿಗಳ ಬಾಯಲ್ಲಿ ಮೈಸೂರು ಗಮ್ ಎಂಬ ಹೆಸರನ್ನು ಪಡೆದು ಭಾರತದ ಮೂಲೆಮೂಲೆಗೂ ಹೋಯಿತು. ಶಾಲೆಯ ವಿದ್ಯಾರ್ಥಿನಿಲಯದಲ್ಲಿದ್ದ ಹಳೆಯ ವಿದ್ಯಾರ್ಥಿನಿಯರಿಗೆ ನೆಗಡಿಯಾದಾಗ ಅದರ ಎಲೆಯನ್ನು ಹಾಕಿ ಕುದಿಸಿದ ನೀರಿನ ಹಬೆಯನ್ನು ತೆಗೆದುಕೊಂಡದ್ದು ನೆನಪಿರಬಹುದು. ಅಡಿಗೆಮನೆಯ ಸೌದೆಯೂ ಬಹುಪಾಲು ಅದೇ ಆಗಿತ್ತು. ಆದುದರಿಂದ ಮರವನ್ನು ಶತ್ರುವೆಂದು ಬೈಯುವ ಉದ್ದೇಶವು ನಮಗಿಲ್ಲ.

ಬೆಟ್ಟದ ತೋಟದಲ್ಲಿ ನಿಂತಿದ್ದ ಮರವು ರಾಗಿಯ ಹೊಲಕ್ಕೆ ಇಳಿದದ್ದು ನಮ್ಮ ಕಾಲದ ಕಥೆ. ೧೯೭೦ರ ಮತ್ತು ೧೯೮೦ರ ದಶಕಗಳಲ್ಲಿ ಎರಡು ಕಾರಣಗಳು ಕೂಡಿಬಂದವು. ಹರಿಹರದ ಬಳಿಯ ಕಾರ್ಖಾನೆಗೆ ಕೃತಕ ರೇಷ್ಮೆಯ ನಾರಿಗಾಗಿಯೂ, ಕಾಗದದ ಕಾರ್ಖಾನೆಗಳಿಗೆ ತಿರುಳಿಗಾಗಿಯೂ ಈ ಮರವು ಬೇಕಾಯಿತು. ಅದೇ ಸಮಯದಲ್ಲಿ ವಿಶ್ವ ಬ್ಯಾಂಕಿನ ನೆರವಿನಿಂದ ಸಾಮಾಜಿಕ ಅರಣ್ಯವೆಂಬ ಯೋಜನೆಯು ಬಂದಿತು. ಹಳ್ಳಿಯ ಬಡವರಿಗೆ ಸೌದೆ, ಮೇವು, ನೆರಳು ಒದಗಬೇಕೆಂಬುದು ಅದರ ಕಾಗದದ ಮೇಲಿನ ಉದ್ದೇಶ. ಸಸಿತೋಟಗಳಿಂದ ಹೊರಟ ಸಸಿಗಳಲ್ಲಿ ಬಹುಪಾಲು ನೀಲಗಿರಿಯೇ ಆಗಿತ್ತು. ಅದನ್ನು ಮೇಕೆಯೂ ತಿನ್ನುವುದಿಲ್ಲ, ಅದರ ನೆರಳಿನಲ್ಲಿ ದನವೂ ಮಲಗುವುದಿಲ್ಲ. ಬಡವರ ಒಲೆಗೆಂದು ಹೊರಟ ಮರವು ಲಾರಿಯೇರಿ ಬೆಂಗಳೂರಿನ ಕಟ್ಟಡಗಳಿಗೆ ಗಳವಾಗಿಯೂ, ಕಾರ್ಖಾನೆಗಳಿಗೆ ತಿರುಳಾಗಿಯೂ ಹೋಯಿತು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ನೆಟ್ಟವರಿಗೆ ಅನ್ಯಾಯವಾಗುತ್ತದೆ. ಪಟ್ಟಣದಲ್ಲಿ ಕುಳಿತು ಪರಿಸರವನ್ನು ಕುರಿತು ಬರೆಯುವ ಕೆಲವರು, ರೈತನು ದುರಾಸೆಯಿಂದ ರಾಗಿಯನ್ನು ಬಿಟ್ಟು ನೀಲಗಿರಿಯನ್ನು ಹಿಡಿದನೆಂದು ಬರೆಯುವುದನ್ನು ನಾವು ಓದಿದ್ದೇವೆ. ಅದು ನಿಜವಲ್ಲ. ನಮ್ಮ ಶಾಲೆಯ ಶುಲ್ಕದ ಮೇಜಿನ ಮುಂದೆ ನಿಂತ ತಂದೆತಾಯಿಗಳ ಮಾತನ್ನು ನಾವು ಅನೇಕ ವರ್ಷ ಕೇಳಿದವರು. ಮಳೆಯನ್ನೇ ನಂಬಿದ ಎರಡು ಮೂರು ಎಕರೆ ಕೆಮ್ಮಣ್ಣಿನ ಹೊಲ. ರಾಗಿಗೆ ಉಳಬೇಕು, ಬಿತ್ತಬೇಕು, ಕುಂಟೆ ಹೊಡೆಯಬೇಕು, ಕಳೆ ಕೀಳಬೇಕು, ಕೊಯ್ಯಬೇಕು, ಒಕ್ಕಬೇಕು. ಮಗನು ಪೀಣ್ಯದ ಕಾರ್ಖಾನೆಗೆ ಹೋಗುತ್ತಾನೆ, ಸೊಸೆಯು ಸಿದ್ಧ ಉಡುಪಿನ ಕಾರ್ಖಾನೆಗೆ ಹೋಗುತ್ತಾಳೆ. ಹೊಲದಲ್ಲಿ ಉಳಿದವರು ಮುದುಕರು. ಕೂಲಿಯು ಏರಿತು, ರಾಗಿಯ ಬೆಲೆಯು ಅದರ ಸಮಕ್ಕೆ ಏರಲಿಲ್ಲ. ಅಣ್ಣತಮ್ಮಂದಿರ ವ್ಯಾಜ್ಯವು ನ್ಯಾಯಾಲಯದಲ್ಲಿದ್ದರೆ ಹೊಲವನ್ನು ಪಾಳು ಬಿಡುವುದಕ್ಕಿಂತ ನೀಲಗಿರಿ ನೆಡುವುದು ಮೇಲೆಂದು ತೋರಿತು. ಒಮ್ಮೆ ನೆಟ್ಟರೆ ಕಾವಲು ಬೇಡ, ನೀರು ಹಾಯಿಸಬೇಕಿಲ್ಲ. ಕೆಲವು ವರ್ಷಕ್ಕೊಮ್ಮೆ ಗುತ್ತಿಗೆದಾರನು ತಾನೇ ಬಂದು ಕಡಿದುಕೊಂಡು ಹಣವನ್ನು ಒಟ್ಟಾಗಿ ಕೈಯಲ್ಲಿಡುತ್ತಾನೆ. ಕಡಿದ ಬುಡವು ತಾನಾಗಿಯೇ ಮತ್ತೆ ಚಿಗುರುತ್ತದೆ. ಬಡವನಿಗೆ ಹಣವು ಒಟ್ಟಾಗಿ ದೊರೆಯುವುದೆಂದರೆ ಏನೆಂಬುದನ್ನು ತಿಂಗಳ ಸಂಬಳವುಳ್ಳ ನಮ್ಮಂಥವರು ಸುಲಭವಾಗಿ ಅರಿಯಲಾರೆವು. ಆ ಹಣದಲ್ಲಿ ಸಾಲ ತೀರಿತು, ಮನೆಗೆ ತಾರಸಿ ಬಂತು, ಮಗಳ ಕಾಲೇಜಿನ ಶುಲ್ಕವು ಸಂದಿತು. ಈ ಸಂಚಿಕೆಯನ್ನು ಓದುತ್ತಿರುವ ದಾದಿಯರಲ್ಲಿ, ಉಪಾಧ್ಯಾಯಿನಿಯರಲ್ಲಿ, ಗುಮಾಸ್ತೆಯರಲ್ಲಿ ಎಷ್ಟು ಮಂದಿಯ ವಿದ್ಯೆಯು ನೀಲಗಿರಿಯಿಂದ ನಡೆಯಿತೆಂಬುದನ್ನು ಅವರೇ ಬಲ್ಲರು.

ಹೀಗಿದ್ದರೂ ನೀರಿನ ಲೆಕ್ಕವು ಬೇರೆಯೇ ಆಗಿದೆ. ೧೯೮೭ರಿಂದ ಮುಂದಕ್ಕೆ ಇಂಗ್ಲೆಂಡಿನ ಜಲವಿಜ್ಞಾನ ಸಂಸ್ಥೆಯವರು ಕರ್ನಾಟಕದ ಅರಣ್ಯ ಇಲಾಖೆ ಮುಂತಾದವರೊಡನೆ ಸೇರಿ ಈ ಮರವು ಎಷ್ಟು ನೀರನ್ನು ಕುಡಿಯುವುದೆಂದು ಅಳೆದರು. ಶಿವಮೊಗ್ಗದ ಕಡೆಯ ತೆಳುವಾದ ಮಣ್ಣಿನಲ್ಲಿ ನೀಲಗಿರಿಯು ಕುಡಿಯುವ ನೀರು ಅಲ್ಲಿನ ಸ್ವಾಭಾವಿಕ ಕಾಡು ಕುಡಿಯುವ ನೀರಿಗಿಂತ ಹೆಚ್ಚೇನೂ ಇರಲಿಲ್ಲ. ಎರಡೂ ಬಿದ್ದ ಮಳೆಗೆ ಹೆಚ್ಚುಕಡಮೆ ಸಮನಾಗಿದ್ದವು. ಆದರೆ ರಾಗಿಯ ಬೆಳೆಯು ಅದರ ಸುಮಾರು ಅರ್ಧವನ್ನು ಮಾತ್ರ ಉಪಯೋಗಿಸಿತು. ನಮಗೆ ಹೆಚ್ಚು ಹತ್ತಿರವಾದದ್ದು ಅವರು ಹೊಸಕೋಟೆಯಲ್ಲಿ ಕಂಡದ್ದು. ಇಲ್ಲಿ ಮಣ್ಣು ಆಳವಾಗಿದೆ. ಮೂರು ವರ್ಷ ಅಳೆದು ನೋಡಿದಲ್ಲಿ, ಬಿದ್ದ ಮಳೆಗಿಂತಲೂ ಹೆಚ್ಚು ನೀರನ್ನು ಮರಗಳು ಹೀರಿದ್ದವು. ಹೆಚ್ಚಿನ ನೀರು ಎಲ್ಲಿಂದ ಬಂದಿತು? ಬೇರು ಎಂಟು ಮೀಟರಿಗಿಂತಲೂ ಕೆಳಗಿಳಿದು, ಹಿಂದಿನ ವರ್ಷಗಳಲ್ಲಿ ಮಣ್ಣಿನೊಳಗೆ ಕೂಡಿಟ್ಟಿದ್ದ ತೇವವನ್ನು ಕುಡಿದಿತ್ತು. ಎಂದರೆ ವರಮಾನವನ್ನಲ್ಲ, ಮೂಲಧನವನ್ನು. ಊರಿನ ಹೆಂಗಸರು ಬಿಂದಿಗೆ ಹಿಡಿದು ಬಾವಿಯ ದಂಡೆಯಲ್ಲಿ ನಿಂತು ಯಾವುದನ್ನು ಹೇಳುತ್ತಿದ್ದರೋ ಅದನ್ನೇ ಈ ವಿದ್ವಾಂಸರು ಉಪಕರಣವಿಟ್ಟು ಹೇಳಿದರು. ವ್ಯತ್ಯಾಸವೇನೆಂದರೆ ಇವರ ಮಾತು ಅಚ್ಚಾಯಿತು.

ಜನರ ಮಾತೆಲ್ಲವೂ ಸರಿಯೆಂದು ಸಾಧಿಸುವುದು ನಮ್ಮ ಇಚ್ಛೆಯಲ್ಲ. ಹಳ್ಳಿಯಲ್ಲಿ ಯಾರನ್ನು ಕೇಳಿದರೂ ಮೊದಲು ಬರುವ ಉತ್ತರ, “ಅಮ್ಮಾ, ಈಗ ಮಳೆಯೇ ಇಲ್ಲ” ಎಂಬುದು. ನಂದಿಯಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಮೇಲೆ ಹರಿದು ಹೋಗುವ ಅರ್ಕಾವತಿಯ ಮೇಲೆ ಹೆಸರಘಟ್ಟದ ಕೆರೆಯನ್ನು ೧೮೯೦ರ ದಶಕದಲ್ಲಿಯೂ ತಿಪ್ಪಗೊಂಡನಹಳ್ಳಿಯ ಜಲಾಶಯವನ್ನು ೧೯೩೩ರಲ್ಲಿಯೂ ಕಟ್ಟಿ ಬೆಂಗಳೂರಿಗೆ ನೀರು ಕೊಟ್ಟರು. ಆ ನದಿಯು ಬತ್ತಿದ್ದು ಏಕೆಂದು ಬೆಂಗಳೂರಿನ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯವರು ಪರಿಶೀಲಿಸಿ ೧೦೧೫ ಪುಟಗಳ ಪುರಾಣವನ್ನಲ್ಲ, ಒಂದು ಪ್ರಬಂಧವನ್ನು ೨೦೧೫ರಲ್ಲಿ ಪ್ರಕಟಿಸಿದರು. ಮಳೆಯ ದಾಖಲೆಯನ್ನು ನೋಡಿದರೆ ನದಿಯನ್ನು ಬತ್ತಿಸುವಷ್ಟು ಇಳಿತವು ಕಾಣುವುದಿಲ್ಲ. ಉಷ್ಣತೆ ಏರಿದ್ದೂ ಅದಕ್ಕೆ ಸಾಲದು. ಕೊಳವೆ ಬಾವಿಗಳಿಂದ ಅಂತರ್ಜಲವನ್ನು ಎತ್ತಿದ್ದು, ನೀಲಗಿರಿ ಹರಡಿದ್ದು, ಹಳ್ಳಗಳಿಗೆ ಅಡ್ಡಲಾಗಿ ಕಟ್ಟಿದ್ದು, ಇವುಗಳೇ ಸಂಭವನೀಯ ಕಾರಣಗಳು ಎಂಬುದು ಅವರ ನಿರ್ಣಯ. ಹವಾಗುಣವು ಬದಲಾಗುತ್ತಿಲ್ಲವೆಂದು ಇದರ ಅರ್ಥವಲ್ಲ. ಲೋಕದ ಉಷ್ಣತೆಯು ಏರುತ್ತಿರುವುದು ಸಂಶಯವಿಲ್ಲದ ಸಂಗತಿ. ಆದರೆ ನಮ್ಮ ನದಿಯ ವಿಷಯದಲ್ಲಿ ಆಕಾಶದ ಮೇಲೆ ಹೊರಿಸಿದ ಅಪರಾಧದ ಬಹುಭಾಗವು ನೆಲದ ಮೇಲೆಯೇ ನಡೆದಿತ್ತು. ಹವಾಗುಣವೆಂಬ ಶಬ್ದವು ಈಗ ಎಲ್ಲರಿಗೂ ಅನುಕೂಲವಾದ ನೆಪವಾಗಿದೆ. ಅಧಿಕಾರಿಗೂ ಅನುಕೂಲ, ಕಾರ್ಖಾನೆಗೂ ಅನುಕೂಲ, ಐದನೆಯ ಕೊಳವೆ ಬಾವಿಯನ್ನು ಕೊರೆಯಿಸುವ ಧನಿಕನಿಗೂ ಅನುಕೂಲ. ಶಾಲೆಯ ಅಂಗಳದಲ್ಲಿ ಮಳೆಮಾಪಕವನ್ನಿಟ್ಟು ಒಂಬತ್ತನೆಯ ತರಗತಿಯ ಹುಡುಗಿಯರಿಂದ ಪ್ರತಿದಿನವೂ ಬರೆಯಿಸುತ್ತಿರುವುದು ಇದಕ್ಕಾಗಿಯೇ. ಮಳೆ ಬಂತೋ ಇಲ್ಲವೋ ಎಂಬುದನ್ನು ಕುರಿತು ಅಭಿಪ್ರಾಯ ಪಡಬೇಕಾಗಿಲ್ಲ, ಅಳೆದರೆ ತಿಳಿಯುತ್ತದೆ. ಬಂದ ಮಳೆಯನ್ನು ಏನು ಮಾಡಬೇಕೆಂಬುದರಲ್ಲಿ ಅಭಿಪ್ರಾಯವು ಬೇಕು.

ಆ ಅಭಿಪ್ರಾಯವನ್ನು ಕೇಳಿದರೇ? ನೀಲಗಿರಿಯ ಮಟ್ಟಿಗೆ ಹೇಳುವುದಾದರೆ, ನೆಡುವ ಮೊದಲು ಕೇಳಲಿಲ್ಲ. ೧೯೮೩ರ ಆಗಸ್ಟಿನಲ್ಲಿ ನೆರೆಯ ತುಮಕೂರು ಜಿಲ್ಲೆಯ ಸಣ್ಣ ರೈತರು ಅರಣ್ಯ ಇಲಾಖೆಯ ಸಸಿತೋಟಕ್ಕೆ ಗುಂಪಾಗಿ ನಡೆದು ನೀಲಗಿರಿ ಸಸಿಗಳನ್ನು ಕಿತ್ತು, ಅವುಗಳ ಸ್ಥಾನದಲ್ಲಿ ಹುಣಿಸೆ, ಮಾವುಗಳ ಬೀಜವನ್ನು ಊರಿದರು. ಉತ್ತರ ಕರ್ನಾಟಕದಲ್ಲಿ ಹಳ್ಳಿಗಳ ಸಾಮೂಹಿಕ ಭೂಮಿಯನ್ನು ನೀಲಗಿರಿ ಬೆಳೆಯಲು ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ಕೊಟ್ಟಾಗ ೧೯೮೭ರ ನವೆಂಬರಿನಲ್ಲಿ ಕುಸನೂರಿನಲ್ಲಿ ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹವು ನಡೆಯಿತು. ಡಾಕ್ಟರ್ ಶಿವರಾಮ ಕಾರಂತರು ಮುಂತಾದವರು ಸುಪ್ರೀಂ ಕೋರ್ಟಿನವರೆಗೂ ಹೋದರು. ೧೯೯೧ರಲ್ಲಿ ಕಂಪನಿಯನ್ನೇ ಮುಚ್ಚಲಾಯಿತು. ಸತ್ಯಾಗ್ರಹವು ಅಲ್ಲಿ ಗೆದ್ದಿತು, ಏಕೆಂದರೆ ಭೂಮಿಯು ಊರಿನದಾಗಿತ್ತು. ಸೌದೆಯನ್ನೂ ಮೇವನ್ನೂ ಕಳೆದುಕೊಂಡವರು ಇಡೀ ಊರಿನವರಾಗಿದ್ದರು. ನಮ್ಮ ತಾಲ್ಲೂಕುಗಳಲ್ಲಿ ಹಾಗಲ್ಲ. ಇಲ್ಲಿ ಮರವು ನಿಂತದ್ದು ಬಹುಮಟ್ಟಿಗೆ ಅವರವರ ಸ್ವಂತ ಹೊಲದಲ್ಲಿ. ಹೊಲವು ಒಬ್ಬನದು, ಬಾವಿಯ ಒರತೆ ಮಾತ್ರ ಹತ್ತು ಮಂದಿಯದು. ಪಕ್ಕದ ಹೊಲದ ಬೇರು ತನ್ನ ಬಾವಿಯ ನೀರನ್ನು ಕುಡಿಯುವುದೆಂದು ಒಬ್ಬ ವಿಧವೆಯು ಹೇಳಿದರೆ ಆ ಮಾತನ್ನು ಸ್ವೀಕರಿಸುವ ಕಚೇರಿ ಯಾವುದು? ತಹಶೀಲ್ದಾರರ ಕಚೇರಿಯಲ್ಲಿ ಪಹಣಿಯುಂಟು. ಅದರಲ್ಲಿ ಬೆಳೆಯ ಹೆಸರನ್ನು ಬರೆಯುವ ಅಂಕಣವುಂಟು. ಒರತೆಯನ್ನು ಬರೆಯುವ ಅಂಕಣವಿಲ್ಲ.

೨೦೧೭ರಲ್ಲಿ ನೀಲಗಿರಿಯನ್ನು ಹೊಸದಾಗಿ ನೆಡಬಾರದೆಂದು ರಾಜ್ಯ ಸರಕಾರದ ಆಜ್ಞೆಯು ಹೊರಟಿತು. ಮೊದಲು ಸಸಿಯನ್ನು ಹಂಚಿದ ಸರಕಾರವೇ ಒಂದು ತಲೆಮಾರು ಕಳೆದ ಮೇಲೆ ಅದನ್ನು ನಿಷೇಧಿಸಿತು. ಆಜ್ಞೆಯು ಸರಿಯಾದದ್ದೆಂದೇ ನಮ್ಮ ಅಭಿಪ್ರಾಯ. ಕೇಂದ್ರದ ಅಂತರ್ಜಲ ಮಂಡಲಿಯ ಲೆಕ್ಕದಲ್ಲಿ ನಮ್ಮ ನಾಲ್ಕು ತಾಲ್ಲೂಕುಗಳೂ ಮಿತಿಮೀರಿ ನೀರೆತ್ತಿದವುಗಳ ಪಟ್ಟಿಯಲ್ಲಿ ಸೇರಿಹೋಗಿರುವಾಗ ಇನ್ನು ನೆಡಗೊಡುವುದು ವಿವೇಕವಲ್ಲ. ಆದರೆ ನೆಟ್ಟಾಗಲೂ ಕೇಳಲಿಲ್ಲ, ತೆಗೆಯಬೇಕೆಂದಾಗಲೂ ಕೇಳಲಿಲ್ಲ. ಕೇಳಿದ್ದರೆ ಮೊದಲನೆಯ ಹೆಂಗಸೇ ಹೇಳುತ್ತಿದ್ದಳು: ಮರ ಕಡಿಯುವುದು ಸುಲಭ, ಬೊಡ್ಡೆ ಕೀಳುವುದು ಕಷ್ಟ. ಬೇರುಸಹಿತ ಬೊಡ್ಡೆಯನ್ನು ತೆಗೆಯಲು ಯಂತ್ರವನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ತರಬೇಕು. ತೆಗೆದ ಮೇಲೆ ಹಳ್ಳವನ್ನು ಮುಚ್ಚಿ, ಗೊಬ್ಬರ ಹೊಡೆದು, ಒಂದೆರಡು ವರ್ಷ ಕಾದು ರಾಗಿಯ ಮುಖವನ್ನು ನೋಡಬೇಕು. ಸಣ್ಣ ಹಿಡುವಳಿದಾರನಿಗೆ ಆ ಮಧ್ಯದ ಎರಡು ವರ್ಷಗಳನ್ನು ಯಾರು ನಡೆಸಿಕೊಡುವರು? ಶಕ್ತಿಯುಳ್ಳವರು ತೆಗೆಸಿದರು, ಶಕ್ತಿಯಿಲ್ಲದವರಲ್ಲಿ ಅನೇಕರು ಮಾರಿದರು. ೨೦೦೮ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣವು ತೆರೆದ ಮೇಲೆ ಕೊಳ್ಳುವವರಿಗೇನೂ ಕೊರತೆಯಿರಲಿಲ್ಲ. ನೀಲಗಿರಿಯಿದ್ದ ಹೊಲಕ್ಕೆ ರಾಗಿಯು ಮರಳಿದ ಊರುಗಳೂ ಉಂಟು, ಸುಣ್ಣ ಬಳಿದ ಕಲ್ಲುಗಳು ಬಂದ ಊರುಗಳೂ ಉಂಟು. ನಮ್ಮ ಚರ್ಚಾಸಂಘದ ಹುಡುಗಿಯು ಕೇಳಿದ ಪ್ರಶ್ನೆಗೆ ನಾವು ಉತ್ತರವನ್ನು ಹೇಳಲಾರದೆ ಹೋದದ್ದು ಇದೇ ಕಾರಣದಿಂದ.

ಕಾನೂನಿನ ಒಂದು ವಿಚಿತ್ರವನ್ನು ಇಲ್ಲಿ ಸೂಚಿಸಬೇಕು. ದೊಡ್ಡ ಕಾರ್ಖಾನೆಯೋ ಗಣಿಯೋ ಬರುವುದಾದರೆ, ೨೦೦೬ರ ಕೇಂದ್ರ ಸರಕಾರದ ಪ್ರಕಟಣೆಯ ಪ್ರಕಾರ, ಬಹುಪಾಲು ಸಂದರ್ಭಗಳಲ್ಲಿ ಸಾರ್ವಜನಿಕ ಅಹವಾಲು ಸಭೆಯನ್ನು ನಡೆಸಬೇಕು. ಮೂವತ್ತು ದಿನ ಮುಂಚಿತವಾಗಿ ಪತ್ರಿಕೆಗಳಲ್ಲಿ ತಿಳಿಸಬೇಕು. ಬಂದವರು ಹೇಳಿದ್ದನ್ನು ಬರೆದುಕೊಳ್ಳಬೇಕು. ಆದರೆ ಒಂದು ಜಿಲ್ಲೆಯ ಹೊಲಗಳಲ್ಲೆಲ್ಲಾ ಒಂದೇ ಜಾತಿಯ ಮರವನ್ನು ನೆಡಿಸುವುದಕ್ಕೆ ಅಂಥ ಸಭೆಯು ಬೇಕಿಲ್ಲ. ಮರವೆಂದ ಮೇಲೆ ಒಳ್ಳೆಯದೇ ಇರಬೇಕೆಂಬ ಭಾವನೆಯು ಎಲ್ಲರಲ್ಲಿಯೂ ಇದೆ. ನಮ್ಮ ಹಿರಿಯರು ಊರಿಗೊಂದು ಗುಂಡುತೋಪನ್ನು ಬೆಳೆಸಿದಾಗ ಹಾಗಿರಲಿಲ್ಲ. ಯಾವ ಮರವನ್ನು ಎಲ್ಲಿ ಇಡಬೇಕೆಂಬುದರಲ್ಲಿ ಅವರು ವಿವೇಚನೆಯುಳ್ಳವರಾಗಿದ್ದರು: ಎಣ್ಣೆಗೆ ಹೊಂಗೆ ಹಿಪ್ಪೆ, ಹಣ್ಣಿಗೆ ಮಾವು ನೇರಳೆ, ಸಾರಿಗೆ ಹುಣಿಸೆ, ದಾರಿಹೋಕನಿಗೆ ಆಲದ ನೆರಳು. ಆ ತೋಪುಗಳಲ್ಲಿ ಉಳಿದವು ಎಷ್ಟೆಂದು ನೋಡಬೇಕಾದರೆ ಒಂದು ಭಾನುವಾರ ಮಧ್ಯಾಹ್ನ ಊರಿನ ಸುತ್ತ ನಡೆದರೆ ಸಾಕು.

ನೀರಿನ ವಿಷಯದಲ್ಲಿ ಈಗ ಮತ್ತೊಂದು ಪ್ರಶ್ನೆಯು ಬಾಗಿಲಿಗೆ ಬಂದಿದೆ. ಬತ್ತಿದ ಕೆರೆಗಳನ್ನು ತುಂಬಿಸುವುದಕ್ಕಾಗಿ ಬೆಂಗಳೂರಿನ ಹೆಬ್ಬಾಳ ಮತ್ತು ನಾಗವಾರ ಕಣಿವೆಗಳ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧಮಾಡಿ, ದಿನಕ್ಕೆ ೨೧ ಕೋಟಿ ಲೀಟರಿನಂತೆ ನಮ್ಮ ಜಿಲ್ಲೆಯ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೆ ಹರಿಸುವ ಯೋಜನೆಯಾಯಿತು. ದೇವನಹಳ್ಳಿಯ ಸಿಹಿನೀರು ಕೆರೆಯು ತುಂಬಿದ್ದನ್ನು ಕಂಡು ಕಣ್ಣು ತಣಿದವರಲ್ಲಿ ನಾವೂ ಸೇರಿದ್ದೇವೆ. ಆದರೆ ಇದೇ ಬಗೆಯ ಕೋಲಾರದ ಯೋಜನೆಯಲ್ಲಿ ೨೦೧೮ರಲ್ಲಿ ಲಕ್ಷ್ಮೀಸಾಗರದ ಕೆರೆಯ ಮೇಲೆ ನೊರೆಯು ಎದ್ದು, ವಿಷಯವು ಹೈಕೋರ್ಟಿಗೆ ಹೋಗಿ, ನೀರು ಹರಿಸುವುದನ್ನು ಕೆಲಕಾಲ ನಿಲ್ಲಿಸಬೇಕಾಯಿತು. ಮೂರನೆಯ ಹಂತದ ಶುದ್ಧಿಯೂ ಬೇಕೆಂದು ಅಲ್ಲಿನ ರೈತರು ಕೇಳುತ್ತ ಬಂದಿದ್ದಾರೆ. ನೀರು ಬೇಕೇ ಎಂದು ಬಾಯಾರಿದವನನ್ನು ಕೇಳಿದರೆ ಬೇಕೆಂದೇ ಹೇಳುವನು, ಅದು ಸಮ್ಮತಿಯಲ್ಲ. ಎಂಥ ನೀರು, ಪ್ರತಿ ತಿಂಗಳೂ ಅದನ್ನು ಪರೀಕ್ಷಿಸುವವರು ಯಾರು, ಪರೀಕ್ಷೆಯ ಫಲವನ್ನು ಕನ್ನಡದಲ್ಲಿ ಪಂಚಾಯಿತಿಯ ಗೋಡೆಯ ಮೇಲೆ ಹಾಕುವರೇ, ಎಂದು ಕೇಳುವ ಅವಕಾಶವನ್ನೂ ಕೊಟ್ಟು ಪಡೆದದ್ದು ಸಮ್ಮತಿ.

ಜನರ ಮಾತಿಗೆ ಬೆಲೆಯಿಲ್ಲವೆಂದು ನಿರಾಶರಾದವರಿಗೆ ಚನ್ನರಾಯಪಟ್ಟಣ ಹೋಬಳಿಯ ಉದಾಹರಣೆಯುಂಟು. ದೇವನಹಳ್ಳಿ ತಾಲ್ಲೂಕಿನ ಆ ಹೋಬಳಿಯಲ್ಲಿ ೧,೭೭೭ ಎಕರೆಯನ್ನು ಕೈಗಾರಿಕೆಗಾಗಿ ತೆಗೆದುಕೊಳ್ಳಬಾರದೆಂದು ೨೦೨೨ರ ಏಪ್ರಿಲಿನಲ್ಲಿ ಧರಣಿ ಕುಳಿತ ರೈತರು ಮೂರು ವರ್ಷಗಳ ಮೇಲೂ ಏಳಲಿಲ್ಲ. ೨೦೨೫ರ ಜುಲೈ ೧೫ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಆ ಸ್ವಾಧೀನವನ್ನು ಕೈಬಿಟ್ಟುದಾಗಿ ಪ್ರಕಟಿಸಿದರು. ತರಕಾರಿ, ದ್ರಾಕ್ಷಿ, ರೇಷ್ಮೆ ಬೆಳೆಯುವ ಭೂಮಿ ಅದು. ನಮಗೆ ಸಂತೋಷವಾಯಿತು. ಜೊತೆಯಲ್ಲಿಯೇ ಮತ್ತೊಂದು ಯೋಚನೆಯೂ ಹುಟ್ಟಿತು: ಒಂದು ಅಭಿಪ್ರಾಯವನ್ನು ಕೇಳಿಸಬೇಕಾದರೆ ಮೂರು ವರ್ಷ ಬೀದಿಯಲ್ಲಿ ಕೂರಬೇಕೇ? ಅಷ್ಟು ದಿನ ಕೂರಲು ಆಗದವರ ಅಭಿಪ್ರಾಯದ ಗತಿಯೇನು?

ಈ ಸ್ಥಳದಲ್ಲಿ ಪೋಷಕರಿಗೆ ಒಂದು ಮಾತನ್ನು ಬಿಚ್ಚಿ ಹೇಳುತ್ತೇವೆ, ಕೆಲವರಿಗೆ ಅಪ್ರಿಯವಾದರೂ ಚಿಂತೆಯಿಲ್ಲ. ಹೊಲದಲ್ಲಿ ಏನು ಬೆಳೆಯಬೇಕು, ಕೊಳವೆ ಬಾವಿ ಎಲ್ಲಿ ಕೊರೆಯಬೇಕು, ಭೂಮಿಯನ್ನು ಮಾರಬೇಕೋ ಬೇಡವೋ ಎಂಬ ಪ್ರತಿಯೊಂದು ನಿರ್ಣಯದಲ್ಲಿಯೂ ಕೊನೆಗೆ ಕೇಳುವುದು ಪಹಣಿಯಲ್ಲಿ ಹೆಸರುಳ್ಳವನ ಅಭಿಪ್ರಾಯವನ್ನೇ. ಆ ಹೆಸರು ಸಾಮಾನ್ಯವಾಗಿ ಗಂಡಸಿನದು. ನೀರನ್ನು ಹೊರುವವಳಿಗೆ ಪಹಣಿಯಲ್ಲಿ ಹೆಸರಿಲ್ಲ. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಸಮಭಾಗವುಂಟೆಂದು ಕರ್ನಾಟಕವು ೧೯೯೪ರಲ್ಲಿಯೂ, ಇಡೀ ದೇಶವು ೨೦೦೫ರಲ್ಲಿಯೂ ಕಾನೂನು ಮಾಡಿದವು. ಉಯಿಲು ಬರೆಯದೆ ತೀರಿಕೊಂಡ ಕ್ರೈಸ್ತ ತಂದೆಯ ಆಸ್ತಿಯಲ್ಲಿ ಮಗನಿಗೂ ಮಗಳಿಗೂ ಸಮಭಾಗವೆಂಬುದು ೧೯೨೫ರ ಕಾಯಿದೆಯಲ್ಲಿಯೇ ಇದೆ. ಆದರೂ ಏನಾಗುತ್ತಿದೆ? ಭೂಮಿಯ ಬೆಲೆಯು ಏರಿದೊಡನೆ ತೌರಿನಿಂದ ಕರೆ ಬರುತ್ತದೆ. ಅರಿಸಿನ ಕುಂಕುಮ, ಒಂದು ಸೀರೆ. ಬಳಿಕ ನೋಂದಣಿ ಕಚೇರಿಗೆ ಹೋಗಿ ಹಕ್ಕು ಬಿಡುಗಡೆಯ ಪತ್ರಕ್ಕೆ ರುಜು. ಅಣ್ಣನ ಮನಸ್ಸು ನೋಯಬಾರದೆಂದು ನಮ್ಮ ವಿದ್ಯಾರ್ಥಿನಿಯರು ಅನೇಕರು ಓದದೆಯೇ ರುಜು ಮಾಡಿದ್ದಾರೆ. ಇಲ್ಲಿ ಹತ್ತು ವರ್ಷ ಓದುವುದನ್ನು ಕಲಿತವರು! ಆ ರುಜುವಿನಿಂದ ಅವರು ಭಾಗವನ್ನು ಮಾತ್ರವೇ ಬಿಟ್ಟುಕೊಡುವುದಿಲ್ಲ. ಆ ಹೊಲದ ಮರ, ಮಣ್ಣು, ನೀರುಗಳನ್ನು ಕುರಿತು ಮಾತನಾಡುವ ಹಕ್ಕನ್ನೂ ಬಿಟ್ಟುಕೊಡುತ್ತಾರೆ. ಬಿಟ್ಟುಕೊಡಬೇಕೆಂದು ಅವರೇ ನಿಶ್ಚಯಿಸಿದರೆ ಅದು ಅವರ ಇಷ್ಟ. ಆದರೆ ಪತ್ರವನ್ನು ಮನೆಗೆ ತಂದು, ದೀಪದ ಕೆಳಗೆ ಕುಳಿತು, ಮೊದಲಿನಿಂದ ಕೊನೆಯವರೆಗೆ ಓದಿದ ಮೇಲೆ ನಿಶ್ಚಯಿಸಲಿ.

ಪಹಣಿಯಲ್ಲಿ ಹೆಸರಿಲ್ಲದವಳಿಗೂ ಮಾತನಾಡುವ ಒಂದು ಸ್ಥಳವನ್ನು ಕಾನೂನು ಇಟ್ಟಿದೆ, ಅದು ಗ್ರಾಮಸಭೆ. ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು. ಹೆಂಗಸರಿಗಾಗಿಯೇ ಮಹಿಳಾ ಗ್ರಾಮಸಭೆಯೂ ಉಂಟು. ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಸ್ತ್ರೀಯರಿಗೆ ಮೀಸಲಾಗಿವೆ. ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಸದಸ್ಯರಾಗಿ ಕುಳಿತವರಿದ್ದಾರೆಂಬುದು ನಮಗೆ ಅಭಿಮಾನದ ವಿಷಯ. ಆದರೆ ಸಭೆಯು ಯಾವ ದಿನ ನಡೆಯಿತೆಂಬುದೇ ಅನೇಕ ಊರುಗಳಲ್ಲಿ ಹೆಂಗಸರಿಗೆ ತಿಳಿಯುವುದಿಲ್ಲ. ಸಹಿಯ ಪುಸ್ತಕವು ಮನೆಗೆ ಬಂದಾಗ ತಿಳಿಯುತ್ತದೆ. ಬೊಡ್ಡೆ ಕೀಳಿಸುವ ವೆಚ್ಚವನ್ನು ಉದ್ಯೋಗ ಖಾತರಿಯ ಕೆಲಸದಿಂದಲೋ ಬೇರೆ ಲೆಕ್ಕದಿಂದಲೋ ಕೊಡಿಸಬೇಕೆಂಬುದು, ನೀಲಗಿರಿಯ ಬದಲಿಗೆ ಹುಣಿಸೆ, ಹಲಸು, ನೇರಳೆಗಳ ಸಸಿಯನ್ನು ಕೇಳಬೇಕೆಂಬುದು, ಗುಂಡುತೋಪಿನ ಗಡಿಯನ್ನು ಅಳೆಯಿಸಬೇಕೆಂಬುದು, ಕೆರೆಗೆ ಬರುವ ನೀರಿನ ಪರೀಕ್ಷಾಫಲವನ್ನು ಓದಿ ಹೇಳಬೇಕೆಂಬುದು, ಇವೆಲ್ಲವೂ ಅಲ್ಲಿ ಎದ್ದುನಿಂತು ಕೇಳಬಹುದಾದ ಮಾತುಗಳು. ಕೇಳಿದ್ದನ್ನು ನಡವಳಿಯ ಪುಸ್ತಕದಲ್ಲಿ ಬರೆಯಿಸಿ ಏಳಬೇಕು. ಬರೆಯದ ಅಭಿಪ್ರಾಯವು ಮರುದಿನಕ್ಕೆ ಉಳಿಯುವುದಿಲ್ಲ.

ಈ ವರ್ಷ ನಾವು ಒಂದು ಸಣ್ಣ ಕೆಲಸವನ್ನು ಕೈಗೊಂಡಿದ್ದೇವೆ. ಹಳೆಯ ವಿದ್ಯಾರ್ಥಿನಿಯರು ತಮ್ಮ ತೌರೂರಿನ ಅಥವಾ ಸೇರಿದ ಊರಿನ ವಿಷಯವಾಗಿ ನಾಲ್ಕು ಸಂಗತಿಗಳನ್ನು ಬರೆದು ಶಾಲೆಗೆ ಕಳುಹಿಸಬೇಕಾಗಿ ಕೋರುತ್ತೇವೆ. ತಾವು ಶಾಲೆಯಲ್ಲಿದ್ದಾಗ ಮನೆಯ ಬಳಿಯ ಬಾವಿಯಲ್ಲಿ ನೀರು ಎಷ್ಟು ಆಳದಲ್ಲಿತ್ತು. ಈಗ ಕೊಳವೆ ಬಾವಿಯು ಎಷ್ಟು ಅಡಿ ಇಳಿದಿದೆ. ಊರಿನಲ್ಲಿ ನೀಲಗಿರಿಯು ಯಾವ ವರ್ಷದ ಸುಮಾರಿಗೆ ಬಂದಿತು. ತೆಗೆದಿದ್ದರೆ ಈಗ ಆ ಹೊಲದಲ್ಲಿ ಏನಿದೆ. ತಾಯಿಯನ್ನೋ ಅತ್ತೆಯನ್ನೋ ಕೇಳಿ ಬರೆದರೆ ಇನ್ನೂ ಒಳ್ಳೆಯದು. ಅವುಗಳನ್ನೆಲ್ಲಾ ತಾಲ್ಲೂಕುವಾರು ವಿಂಗಡಿಸಿ ಒಂದು ಪುಸ್ತಕದಲ್ಲಿ ಬರೆದಿಡುವ ಭಾರವನ್ನು ಹತ್ತನೆಯ ತರಗತಿಯ ಹುಡುಗಿಯರು ಒಪ್ಪಿಕೊಂಡಿದ್ದಾರೆ. ನೋಡಬೇಕೆಂದವರಿಗೆ ಪುಸ್ತಕವು ಶಾಲೆಯ ವಾಚನಾಲಯದಲ್ಲಿ ದೊರೆಯುವುದು. ಅಕ್ಷರ ಚೆನ್ನಾಗಿರಬೇಕೆಂಬ ನಿರ್ಬಂಧವಿಲ್ಲ. ಆಳವನ್ನು ಮಾತ್ರ ಮೊಳದಲ್ಲಿ ಬರೆಯದೆ ಅಡಿಯ ಲೆಕ್ಕದಲ್ಲಿ ಬರೆಯಬೇಕು.